ಮುಳ್ಳು ಹಾಕಿದ ಮನೆಯ ಮಾಳಿಗೆ

ಫೆಬ್ರವರಿ 4

ಇವತ್ತೂ ಮಣ್ಣು ಹೊತ್ತಿದ್ದೇ ಆಯ್ತು. ಮಾಳಿಗೆ ಕುಸಿದು ನಡುಮನೆಗೆ ಸುರಿದ ಮಣ್ಣು ಇನ್ನೂ ಮೊಣಕಾಲುದ್ದ ಇದೆ. ಬಾಂಡ್ಲಿಗೆ ತುಂಬು, ಅಂಗಳಕ್ಕೆ ಸುರಿ, ಮತ್ತೆ ತುಂಬು. ಸೊಂಟ ಬಿದ್ದುಹೋಗಿದೆ. ತಲೆ ಎತ್ತಿದರೆ ಆಕಾಶ. ಉಳಿದಿರುವ ತೊಲೆಯ ಮೇಲೆ ಒಂದು ಕಾಗೆ ಕೂತು ಬೆಳಿಗ್ಗೆಯಿಂದ ನನ್ನನ್ನೇ ನೋಡುತ್ತಿತ್ತು. ಚೆಕಿಂಗ್ ಇನ್ಸ್‌ಪೆಕ್ಟರ್!

ಒಂದು ದಿನ ಬಸ್ಸು, ಒಂದು ದಿನ ಮಾಳಿಗೆ. ಬಸ್ಸಿನ ದಿನ ಕೊರಟಗೆರೆ–ಮಧುಗಿರಿ–ಪಾವಗಡ. ಟಿಕೆಟ್ ಟಿಕೆಟ್, ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ. ಬಿಡುವಿನ ದಿನ ತೋವಿನಕೆರೆ ಕಡೆಯ ಬಸ್ಸು ಹತ್ತಿ ಊರಿಗೆ. ಕಂಡಕ್ಟರ್ ಹತ್ತಿರ ಕಂಡಕ್ಟರ್ ಟಿಕೆಟ್ ಕೇಳಲ್ಲ, ಅದೊಂದೇ ಲಾಭ.

ಕೂಲಿಗೆ ಯಾರೂ ಬರುತ್ತಿಲ್ಲ. "ಮುಳ್ಳು ಹಾಕಿದ್ ಮನೆ ಕಣಣ್ಣ. ಹೆಂಡ್ರು ಮಕ್ಳು ಇರೋರು ನಾವು" ಅಂತಾರೆ. ನಾನೇನು ಇಲ್ಲದವನಾ... ಹೌದು, ಇಲ್ಲದವನೇ. ಗಾರೆ ಕೆಲಸದವನೊಬ್ಬ ಬೀದಿಯಲ್ಲೇ ನಿಂತು ಕತ್ತು ಉದ್ದ ಮಾಡಿ ನೋಡಿ, ಎಲ್ಲಾ ಕೆಡವಿ ಆರ್‌ಸಿಸಿ ಹಾಕ್ಸಿ ಅಂದು ಬೈಕ್ ಹತ್ತಿದ. ಅಂಗಳಕ್ಕೂ ಬರಲಿಲ್ಲ.

ಫೆಬ್ರವರಿ 6

ಬರೆದರೆ ಸಿಟ್ಟು ಇಳಿಯುತ್ತದೆ. ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ನನ್ನ ಹೆಂಡತಿ ರಾಧಾಮಣಿ ಹೋದ ವರ್ಷ ಮೇ ಎರಡಕ್ಕೆ ಹೋದಳು. ನಡುಮನೆಯಲ್ಲಿ ಹೊಲಿಗೆ ಮಷಿನ್ ಮುಂದೆ ಕೂತವಳು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದಳು. ಆಸ್ಪತ್ರೆ ಅನ್ನೋದರೊಳಗೆ ಮುಗಿದಿತ್ತು. ಅವ್ವ ಜೋಯಿಸರ ಹತ್ತಿರ ಓಡಿದಳು. ಧನಿಷ್ಠಾ ನಕ್ಷತ್ರ. ಅಂಥ ನಕ್ಷತ್ರದಲ್ಲಿ ಜೀವ ಹೋದ ಮನೆಯನ್ನು ಆರು ತಿಂಗಳು ಬಿಡಬೇಕು. ಇಲ್ಲದಿದ್ದರೆ ಹೋದವರು ಇನ್ನೊಬ್ಬರನ್ನು ಕರೆದುಕೊಳ್ಳುತ್ತಾರಂತೆ. ಬೇಡ ಅಂದೆ. ರಾಧಾಮಣಿ ಯಾರನ್ನು ಕರೀತಾಳೆ? ಒಂದು ಲೋಟ ನೀರು ಕೇಳೋಕೂ ಸಂಕೋಚ ಪಡುತ್ತಿದ್ದವಳು. ಅವ್ವ ಕೇಳಲಿಲ್ಲ. ಹನ್ನೊಂದು ದಿನದ ಕಾರ್ಯ ಮುಗಿದ ಮಧ್ಯಾಹ್ನವೇ ಜಾಲಿ ಮುಳ್ಳು ಕಡಿದು ತಂದು ತನ್ನ ಕೈಯಾರೆ ಬಾಗಿಲಿಗೆ ಒತ್ತಿದಳು. ನಾವಿಬ್ಬರೂ ಕೊರಟಗೆರೆಯ ಬಾಡಿಗೆ ರೂಮಿಗೆ.

ನಮ್ಮದು ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಮೇಲೆ ಚೌಳು ಮಣ್ಣು ಹರಡಬೇಕು. ಉಪ್ಪುಪ್ಪು ಬಿಳಿ ಮಣ್ಣು, ನೀರು ಬಿದ್ದರೆ ಬಿಗಿದುಕೊಂಡು ಕೆಳಗೆ ಬಿಡುವುದಿಲ್ಲ. ಆದರೆ ಮುಳ್ಳು ಹಾಕಿದ ಮನೆಯ ಮೇಲೆ ಯಾರು ಹತ್ತುತ್ತಾರೆ? ಮುಂಗಾರು ಪೂರ್ತಿ ಸುರಿಯಿತು. ಹಿಂಗಾರೂ ಸುರಿಯಿತು. ನವೆಂಬರಿನಲ್ಲಿ ಮುಳ್ಳು ತೆಗೆದು ಬಾಗಿಲು ತಳ್ಳಿದರೆ ಒಳಗೆಲ್ಲ ಬೆಳಕು. ನಡುಮನೆಗೆ ಬಿಸಿಲು ಬಿದ್ದಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಅವ್ವ ಹೊಸಿಲ ಹತ್ತಿರವೇ ಕುಸಿದು ಕೂತಳು. ಇವತ್ತಿನವರೆಗೂ ಆ ವಿಷಯ ಆಡಿಲ್ಲ.

ಬರೆದೆ. ಸಿಟ್ಟೇನೂ ಇಳಿದಿಲ್ಲ.

ಫೆಬ್ರವರಿ 9

ರೂಮಿನ ಓನರ್ ಪ್ರಭುದೇವ್ ದಿನಾ ಬೆಳಿಗ್ಗೆ ಕೇಳುತ್ತಾರೆ, "ಅಜ್ಜಿ ಹೆಂಗವ್ರೆ ಲಕ್ಷ್ಮೀಪತಿ?" ಒಳ್ಳೇ ಮನುಷ್ಯ ಅಂದುಕೊಂಡಿದ್ದೆ. ಅವ್ವನ ಎದೆಯಲ್ಲಿ ನೀರು ತುಂಬಿದೆ ಅಂತ ಡಾಕ್ಟರು ಹೇಳಿದ ದಿನದಿಂದ ಸಂಜೆಯೂ ಕೇಳುತ್ತಾರೆ.

ಇವತ್ತು ಅವರ ಜಗಲಿಯಲ್ಲಿ ನಿಂತಾಗ ಗೋಡೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಕೆಲವು ತಾರೀಕಿಗೆ ಕೆಂಪು ಪೆನ್ನಿನ ಸುತ್ತು. ಧನಿಷ್ಠಾ, ಶತಭಿಷ, ರೋಹಿಣಿ... ನಾನು ನೋಡಿದ್ದನ್ನು ಅವರೂ ನೋಡಿದರು. ಮುಖ ಕಪ್ಪಿಟ್ಟಿತು.

"ತಪ್ಪು ತಿಳ್ಕಬ್ಯಾಡಿ. ಅಜ್ಜಿ ನೂರು ವರ್ಷ ಇರ್ಲಿ. ಆದ್ರೆ ಅಂಥಾ ದಿನ ಇಲ್ಲೇ ಏನಾರ ಹೆಚ್ಚುಕಮ್ಮಿ ಆದ್ರೆ... ಕೆಳಗೆ ಬಾಡಿಗೇರು, ಮೇಲೆ ನನ್ ಸಂಸಾರ. ಎಲ್ರೂ ಮನೆ ಬುಟ್ಟು ಎಲ್ಲಿಗ್ ಹೋಗಾದು? ನಿಮ್ಗೆ ಸ್ವಂತ ಮನೆ ಐತಲ್ಲ. ಮಳೆಗಾಲಕ್ ಮುಂಚೆ ಅಲ್ಲಿಗೆ ಕರ್ಕಂಡೋಗ್ಬುಡಿ."

ಬಯ್ಯಬೇಕು ಅಂತ ಬಾಯಿ ತೆರೆದೆ. ಏನಂತ ಬಯ್ಯಲಿ? ಅವರು ಇವತ್ತು ಹೇಳಿದ್ದು, ಹೋದ ವರ್ಷ ಅವ್ವ ಹೇಳಿದ್ದು, ಎರಡೂ ಒಂದೇ.

ಫೆಬ್ರವರಿ 10

ಅವ್ವ ಕೇಳಿಸಿಕೊಂಡಿದ್ದಳು. ಆ ರೂಮಿನ ಗೋಡೆ ಹೆಸರಿಗೆ ಗೋಡೆ.

"ಅವ್ರು ಯೋಳಿದ್ದು ಸರಿ ಕಣ್ಲಾ. ಬಾಡಿಗೆ ಮನ್ಯಾಗೆ ಸಾಯಾದು ಮರ್ಯಾದಿ ಅಲ್ಲ. ನನ್ನ ನಮ್ಮನೇಗೆ ಕರ್ಕಂಡೋಗು."

"ಮನೇಗೆ ಮಾಳಿಗೆ ಇಲ್ಲ ಕಣವ್ವ."

"ಹಾಕು."

ಶೀಟು ಹಾಕ್ತೀನಿ, ಎರಡು ದಿನದ ಕೆಲಸ ಅಂದೆ. ಮಲಗಿದ್ದವಳು ಎದ್ದು ಕೂತಳು.

"ತಗಡಿನ ಕೆಳಗೆ ಕೋಳಿ ಸಾಯ್ತವೆ. ಆ ಮನೇಗೆ ಸೊಸೆಯಾಗಿ ಬಂದಾಗಿಂದ ವರ್ಷಾ ವರ್ಷಾ ಮಣ್ಣು ಹೊತ್ತು ಹಾಕಿವ್ನಿ ನಾನು. ಮಣ್ಣಿನ ಮಾಳಿಗೇನೆ ಬೇಕು."

"ಮಾಡೋರು ಯಾರೂ ಉಳಿದಿಲ್ಲ ಕಣವ್ವ."

"ನೀನಿಲ್ವ? ಕೈಕಾಲು ಬಿದ್ದೋಗವಾ?"

ಅಷ್ಟು ಹೇಳಿ ಏದುಸಿರು ಬಿಡುತ್ತಾ ಮಲಗಿದಳು. ಮಾತು ಮೀರಿ ಶೀಟು ಹಾಕಿಸಬಹುದು. ಯಾಕೋ ಆಗುವುದಿಲ್ಲ. ಅವಳ ಮಾತು ಮೀರುವ ತಾಕತ್ತು ನನಗಿದ್ದಿದ್ದರೆ ಮಾಳಿಗೆಯೇ ಬೀಳುತ್ತಿರಲಿಲ್ಲ.

ಫೆಬ್ರವರಿ 18

ಭೀಮರಾಜು ಬಂದಿದ್ದ. ನಮ್ಮ ಬಸ್ಸಿನ ಡ್ರೈವರ್. ಅವನಿಗೂ ಒಳಗೊಳಗೆ ಭಯ, ಆದರೂ ಬಂದ. ಹೊಸಿಲ ಹತ್ತಿರ ನಿಂತು ಜೇಬು ತಟ್ಟಿದ. "ನಿಂಬೆಹಣ್ಣು ಮಂತ್ರಿಸ್ಕಂಡ್ ಬಂದಿವ್ನಿ. ಈಗ ಯಾವ ನಕ್ಷತ್ರ ಏನ್ ಮಾಡ್ತದೆ ನೋಡೇಬುಡಾನ."

ತೊಲೆಯ ಮೇಲೆ ಅಡ್ಡ ಹಾಕಿದ್ದ ಜಂತೆಗಳನ್ನೆಲ್ಲ ಇಬ್ಬರೂ ಇಳಿಸಿದೆವು. ಗಟ್ಟಿಯಾದವು ಬೇರೆ, ಹುಳ ಹಿಡಿದು ಒಲೆಗೆ ಹೋಗುವವು ಬೇರೆ. ಮಧ್ಯಾಹ್ನ ಮುದ್ದೆ ಉಂಡು ಬೀಡಿ ಹಚ್ಚಿದವನಿಗೆ ಜ್ಞಾನೋದಯವಾಯಿತು.

"ಲೇ, ಶೀಟ್ ಹಾಕಿ ಮೇಲೊಂದೀಟು ಮಣ್ಣು ಉದುರಿಸ್ಬುಡಾನ. ಅಜ್ಜಿಗೆ ಕಣ್ಣು ಮಂಜು. ಎಲ್ಲಿ ಗೊತ್ತಾಗ್ತದೆ?"

"ಅವ್ವ ಮಲಗಿಕೊಂಡು ಕೆಳಗಿಂದ ನೋಡೋದು ಕಣ್ಲಾ. ಹದ್ದಲ್ಲ ಅವಳು, ಮೇಲಿಂದ ನೋಡೋಕೆ."

ನಗು ಬಂತು. ಆ ಮನೆಯೊಳಗೆ ನಕ್ಕಿದ್ದು ರಾಧಾಮಣಿ ಹೋದ ಮೇಲೆ ಇದೇ ಮೊದಲು. ತಕ್ಷಣ ಬಾಯಿ ಮುಚ್ಚಿಕೊಂಡೆ, ಯಾರಾದರೂ ಕೇಳಿಸಿಕೊಂಡರೇನೋ ಅನ್ನುವ ಹಾಗೆ.

ಮಾರ್ಚ್ 1

ಮಣ್ಣಿನಡಿ ಹೊಲಿಗೆ ಮಷಿನ್ ಸಿಕ್ಕಿತು.

ಮೊದಲು ಚಕ್ರ ಕಂಡಿತು. ಗುದ್ದಲಿ ಹಾಕಲು ಮನಸ್ಸು ಬರಲಿಲ್ಲ, ಕೈಯಲ್ಲೇ ತೋಡಿದೆ. ತುಕ್ಕು ತಿಂದು ಕೆಂಪಗಾಗಿದೆ. ಸೂಜಿಯ ಕೆಳಗೆ ಬಟ್ಟೆ ಹಾಗೇ ಇದೆ. ಅವ್ವನ ರವಿಕೆ. ರಾಧಾಮಣಿ ಒಂದು ತೋಳು ಹಚ್ಚಿದ್ದಾಳೆ, ಇನ್ನೊಂದು ಇಲ್ಲ.

ಮಣ್ಣಿನ ಗುಡ್ಡೆಯ ಮೇಲೆ ಕೂತು ಅತ್ತೆ. ಗಟ್ಟಿಯಾಗಿಯೇ ಅತ್ತೆ. ಅವಳ ಸಾಮಾನೆಲ್ಲ ಇಲ್ಲಿ ಮಳೆಯಲ್ಲಿ ನೆನೆಯುತ್ತಿದ್ದಾಗ ನಾನು ಕೊರಟಗೆರೆಯಲ್ಲಿ ಛತ್ರಿ ಹಿಡಿದು ಓಡಾಡುತ್ತಿದ್ದೆ. ಪಕ್ಕದ ಮನೆ ದಾಸಮ್ಮ ಗೋಡೆಯಾಚೆಯಿಂದ, "ಯಾಕ್ಲಾ ಪತಿ, ಕಾಲ್ ಮೇಲೆ ಏನಾರ ಬಿತ್ತಾ?" ಅಂದಳು. ಹೂಂ ಅಂದೆ.

ರೂಮಿಗೆ ಬಂದಾಗ ಅವ್ವ ಎಂದಿನಂತೆ ಕೇಳಿದಳು, "ಎಲ್ಲಿಗ್ ಬಂತು?"

"ಮಣ್ಣು ಖಾಲಿಯಾಯ್ತು. ಮಷಿನ್ ಸಿಕ್ತು."

"ನನ್ ರವಿಕೆ ಇತ್ತಾ?"

"ಇತ್ತು."

ಗೋಡೆ ಕಡೆ ತಿರುಗಿ ಮಲಗಿದಳು. ಊಟಕ್ಕೆ ಏಳಲಿಲ್ಲ.

ಮಾರ್ಚ್ 9

ನಡು ತೊಲೆ ಸೀಳಿಬಿಟ್ಟಿದೆ. ಹೊಸದು ಆಗದ ಮಾತು. ಶಿರಾಕ್ಕೆ ಹೋಗಿದ್ದೆ, ಹಳೇ ಮರದ ಅಂಗಡಿಗೆ. ಕೆಡವಿದ ಮನೆಗಳ ಬಾಗಿಲು, ಕಂಬ, ಕಿಟಕಿ, ತೊಲೆ ಎಲ್ಲಾ ಬಯಲಲ್ಲಿ ಪೇರಿಸಿದ್ದಾರೆ. ಒಂದು ಬಾಗಿಲ ಮೇಲೆ ಅರಿಶಿನ ಕುಂಕುಮ ಇನ್ನೂ ಹಾಗೇ ಇತ್ತು. ಅಂಗಡಿಯ ಸಾಹೇಬರು ಒಂದು ಬೇವಿನ ತೊಲೆಯನ್ನು ತಟ್ಟಿ ತೋರಿಸಿದರು. "ಪಕ್ಕಾ ಮಾಲು ಭಾಯ್. ಮೊಮ್ಮಕ್ಕಳ ಕಾಲಕ್ಕೂ ಬರ್ತದೆ, ಫಿಕರ್ ಬ್ಯಾಡ."

ಮೊಮ್ಮಕ್ಕಳು. ಇರಲಿ.

ಅವ್ವನಿಗೆ ಹೇಳಿದರೆ ಶುರು ಹಚ್ಚಿದಳು. "ಯಾರ ಮನೇದ್ಲಾ ಅದು? ಅಲ್ಲಿ ಯಾರು ಸತ್ತಿದ್ರೋ, ಯಾವ ನಕ್ಷತ್ರವೋ..."

"ತೊಲೆಗೆಲ್ಲ ನಕ್ಷತ್ರ ಕೇಳೋಕಾಗಲ್ಲ, ಸುಮ್ಕಿರವ್ವ!"

ಜೋರಾಗಿಯೇ ಅಂದೆ. ಅವಳಿಗೆ ಕೆಮ್ಮು ಶುರುವಾಯಿತು. ನಿಲ್ಲುತ್ತಲೇ ಇಲ್ಲ.

ಏಪ್ರಿಲ್ 2

ಬರೆಯಲು ಆಗಿರಲಿಲ್ಲ. ಅವ್ವನನ್ನು ತುಮಕೂರಿಗೆ ಸೇರಿಸಿದ್ದೆ. ಎದೆಯ ನೀರು ತೆಗೆದರು, ಮತ್ತೆ ತುಂಬಿತು, ಮತ್ತೆ ತೆಗೆದರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಮನೆಗೆ ಕರ್ಕೊಂಡು ಹೋಗಿ ಅಂದರು. ಯಾವ ಮನೆಗೆ ಸಾರ್ ಅಂತ ಕೇಳೋಣ ಅನ್ನಿಸಿತು.

ಆಟೋದಿಂದ ಇಳಿಸಲು ಪ್ರಭುದೇವ್ ಓಡಿ ಬಂದರು. ಅವ್ವನ ಬೆನ್ನಿಗೆ ಕೈ ಕೊಟ್ಟು ಮಲಗಿಸುವವರೆಗೂ ಇದ್ದರು. ಆಮೇಲೆ ತಮ್ಮ ಜಗಲಿಗೆ ಹೋಗಿ ಕ್ಯಾಲೆಂಡರಿನ ಹಾಳೆ ತಿರುವಿದ್ದೂ ಕಂಡಿತು.

ತೊಲೆ ಅಂಗಳದಲ್ಲೇ ಬಿದ್ದಿದೆ. ಬೇಗ ಆಗಬೇಕು. ಬೇಗ.

ಏಪ್ರಿಲ್ 11

ತೊಲೆ ಏರಿತು. ಭೀಮರಾಜು, ಇನ್ನಿಬ್ಬರು ಡ್ರೈವರ್‌ಗಳು, ನಾನು. ಜಂತೆ ಹೊಂದಿಸಿದ್ದಾಯಿತು.

ಈಗ ಚೌಳು ಮಣ್ಣಿನ ಚಿಂತೆ. ನಮ್ಮೂರ ಕೆರೆ ಕೆಳಗಿನ ಚೌಳು ಜಾಗದಲ್ಲಿ ಸೈಟಿನ ಕಲ್ಲು ನೆಟ್ಟಿದ್ದಾರೆ. ತಂಗಿ ವನಜಾಕ್ಷಿಯನ್ನು ಕೊಟ್ಟಿರೋದು ತಿರುಮಣಿಗೆ. ಅವರ ಹೊಲ ಸೋಲಾರ್‌ಗೆ ಲೀಸು ಹೋಗಿದೆ. ಬೇಲಿಯ ಹೊರಗೆ ಒಂದು ಪಟ್ಟಿ ಉಳಿದಿದೆ, ಪೂರ್ತಿ ಚೌಳು. ಅವಳ ಗಂಡ ಬೈಕಿನಲ್ಲಿ ಮೂಟೆ ತಂದು ಪಾವಗಡ ಸ್ಟ್ಯಾಂಡಿನಲ್ಲಿ ಕೊಡುತ್ತಾನೆ. ನಮ್ಮ ಬಸ್ಸಿನ ಟಾಪಿಗೆ ಹಾಕಿಕೊಂಡು ಬರುತ್ತೇನೆ. ಮಿಡಿಗೇಶಿಯಲ್ಲಿ ಹತ್ತಿದ ಮುದುಕಿಯೊಬ್ಬಳು, "ಏನಪ್ಪಾ ಮೂಟ್ಯಾಗೆ, ಸಕ್ಕರೇನಾ?" ಅಂದಳು. ಮಣ್ಣು ಕಣಜ್ಜಿ ಅಂದೆ. "ಮಣ್ಣೂ ಬಸ್ಸಲ್ ಓಡಾಡಂಗಾಯ್ತಾ! ಕೂತ್ಕಳಾಕೆ ನಮ್ಗೇ ಜಾಗಿಲ್ಲ" ಅಂತ ಗೊಣಗಿಕೊಂಡು ಒಳಗೆ ಹೋದಳು.

ಮಾಳಿಗೆ ಮುಗಿಯುವವರೆಗೆ ಅವ್ವನನ್ನು ಅಲ್ಲೇ ಇಟ್ಟುಕೊಳ್ಳಮ್ಮ ಅಂತ ವನಜಾಕ್ಷಿಗೆ ಫೋನಿನಲ್ಲಿ ಕೇಳಿದ್ದೆ. ಅತ್ತಳು. "ನಮ್ಮತ್ತೆ ವದ್ದು, ಬ್ಯಾಡ ಅಂತಾರೆ ಅಣ್ಣಾ. ಇಲ್ಲೇನಾದ್ರೂ ಆದ್ರೆ ನಮ್ ಮನೇನೂ ಬಿಡ್ಬೇಕಾಗ್ತದೆ ಅಂತಾರೆ. ನಾನೇನ್ ಮಾಡ್ಲಿ? ಮಣ್ಣು ಎಷ್ಟ್ ಬೇಕಾದ್ರೂ ಕಳಿಸ್ತೀನಿ."

ಹೆತ್ತವಳಿಗೆ ಎಲ್ಲೂ ಜಾಗವಿಲ್ಲ. ಮಣ್ಣಿಗೆ ಮಾತ್ರ ಬರವಿಲ್ಲ.

ಏಪ್ರಿಲ್ 20

ಬೆಟ್ಟದಲ್ಲಿ ಪೊದೆಪೊದೆಯಾಗಿ ಬೆಳೆಯುವ ಬಂದ್ರೆ ಗಿಡದ ಸೊಪ್ಪು ಕೊಯ್ದು ತಂದು ಜಂತೆಯ ಮೇಲೆ ಹಾಸಿದೆ. ದಪ್ಪಗೆ, ಬೆಳಕು ತೂರದ ಹಾಗೆ. ಇದರ ಮೇಲೆ ಕೆಸರು ಮಣ್ಣು, ಅದು ಒಣಗಿದ ಮೇಲೆ ಚೌಳು. ಸೊಪ್ಪಿನ ಘಾಟಿಗೆ ತಲೆ ಸುತ್ತುತ್ತದೆ. ಆದರೆ ಇದೇ ವಾಸನೆ ನನ್ನ ಬಾಲ್ಯದ್ದು. ಅವ್ವ ಮಾಳಿಗೆ ಮೇಲೆ, ನಾವು ಮಕ್ಕಳು ಕೆಳಗೆ ಬುಟ್ಟಿ ಹಿಡಿದುಕೊಂಡು.

ದಾಸಮ್ಮ ಕಾಫಿ ತಂದಳು. ಲೋಟವನ್ನು ಹೊಸಿಲಾಚೆ ಇಟ್ಟು ಹಿಂದೆ ಸರಿದಳು. ಹೊಸಿಲು ದಾಟುವುದಿಲ್ಲ ಅವಳು. ಕಾಫಿ ಮಾತ್ರ ಚೆನ್ನಾಗಿತ್ತು.

ಮೇ 2

ಒಂದು ವರ್ಷ. ತಿಥಿಯ ಪ್ರಕಾರ ಆಗಲೇ ಮುಗಿದಿದೆ. ನನ್ನ ಲೆಕ್ಕಕ್ಕೆ ಇವತ್ತು.

ಮೇಲೆ ಕೆಸರು ತುಳಿದೆ. ನಡುಮನೆಯಲ್ಲಿ ಪೂರ್ತಿ ಕತ್ತಲಾಯಿತು. ಕೆಳಗಿಳಿದು ಬಂದು ಆ ಕತ್ತಲಲ್ಲಿ ಅವಳು ಕೂರುತ್ತಿದ್ದ ಜಾಗದಲ್ಲಿ ಕೂತೆ. ಮಾಳಿಗೆ ಆಯ್ತು ಕಣೇ ಅಂದೆ. ಬಾಯಿಬಿಟ್ಟೇ ಅಂದೆ.

ಮೇ 12

ಅವ್ವನನ್ನು ಕರೆತಂದೆ. ಭೀಮರಾಜು ಯಾರದೋ ಟೆಂಪೋ ತಂದಿದ್ದ, ಬಸ್ಸಿನಲ್ಲಿ ಒಮ್ಮೆಯೂ ಓಡಿಸದಷ್ಟು ನಿಧಾನಕ್ಕೆ ಓಡಿಸಿದ. ಪ್ರಭುದೇವ್ ಒಂದು ಚೀಲ ಕಿತ್ತಳೆ ಕೊಟ್ಟು ಅವ್ವನ ಕಾಲಿಗೆ ನಮಸ್ಕರಿಸಿದರು. ಮುಖದಲ್ಲಿ ನಿರಾಳ, ಕಣ್ಣಲ್ಲಿ ನೀರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸಿದೆ. ಮೇಲೆ ನೋಡುತ್ತಾ ಇದ್ದಳು. ಈಗ ಏನೋ ಹೇಳುತ್ತಾಳೆ ಅಂತ ಕಾದೆ. ಹೇಳಿದಳು.

"ಈ ಮೂಲೆ ಜಂತೆ ಬಾಗೈತೆ ಕಣ್ಲಾ. ಮೇಲೆ ತಗ್ಗಾಗಿರ್ತದೆ. ನೀರು ನಿಲ್ತದೆ."

ಕಣ್ಣು ಮಂಜಂತೆ!

"ಮೂರು ತಿಂಗಳಿಂದ ಬೆನ್ನು ಮುರ್ಕಂಡಿವ್ನಿ. ಚೆನ್ನಾಗೈತೆ ಅನ್ನಾಕೆ ಬಾಯಿ ಬರಲ್ವ ನಿಂಗೆ?"

"ಚೆನ್ನಾಗಿದ್ರೆ ಯಾಕ್ಲಾ ಯೋಳ್ಬೇಕು? ನೆಟ್ಟಗಿಲ್ದಿದ್ರೆ ತಾನೆ ಯೋಳಾದು."

ಎದ್ದು ಹೊರಗೆ ಹೋದೆ. ಭೀಮರಾಜು ಟೆಂಪೋಗೆ ಒರಗಿ ನಗುತ್ತಿದ್ದ. ಮೂಲೆಯನ್ನು ಮುಟ್ಟುವುದಿಲ್ಲ ಅಂತ ಅವನ ಮುಂದೆ ಆಣೆ ಮಾಡಿದೆ.

ಮೇ 21

ಒಂದು ವಾರದಿಂದ ಅವ್ವ ಚೂರು ಗೆಲುವಾಗಿದ್ದಾಳೆ. ದಾಸಮ್ಮನೂ ಹೊಸಿಲು ದಾಟಿ ಬಂದು ಪಕ್ಕದಲ್ಲಿ ಕೂತು ಹೋದಳು. ನಾನು ರಜೆ ಹಾಕಿದ್ದೇನೆ.

ಮಧ್ಯಾಹ್ನ ಆ ರವಿಕೆ ತೆಗೆಸಿದಳು. ತೊಳೆದರೂ ಮಣ್ಣಿನ ಕಲೆ ಹೋಗಿಲ್ಲ. ಇನ್ನೊಂದು ತೋಳು ತಾನೇ ಕೈಯಲ್ಲಿ ಹಚ್ಚುತ್ತಾಳಂತೆ. ಸೂಜಿಗೆ ದಾರ ಪೋಣಿಸಿ ಕೊಟ್ಟೆ. ನಾಲ್ಕು ಹೊಲಿಗೆ ಸೊಟ್ಟ ಸೊಟ್ಟ ಹಾಕಿ ಕೈ ಸೋತು ಮಡಿಲಲ್ಲಿ ಇಟ್ಟುಕೊಂಡಳು.

"ಭಯ ಆಯ್ತು ಕಣ್ಲಾ" ಅಂದಳು.

"ಯಾವಾಗ?"

"ಅವ್ಳು ಹೋದಾಗ. ನಿನ್ನ ಕರ್ಕಂಡ್ಬುಡ್ತಾಳೇನೋ ಅಂತ. ಮಕ್ಳಿಲ್ಲ ಮರೀಲ್ಲ, ನೀನಂದ್ರೆ ಪ್ರಾಣ ಬುಡ್ತಿದ್ಲು. ನಿನ್ ಬುಟ್ಟು ಹೆಂಗ್ ಇದ್ದಾಳು ಅಂತ. ಅದ್ಕೇ ಮುಳ್ಳು ಹಾಕ್ದೆ. ಅವ್ಳ ಮ್ಯಾಗಿನ ಕ್ವಾಪಕ್ಕಲ್ಲ."

ಒಂದು ವರ್ಷದಿಂದ ಈ ಮಾತಿಗೆ ಕಾಯುತ್ತಿದ್ದೆ. ಬಂದರೆ ಬಯ್ಯಲು ಎಷ್ಟೋ ಮಾತು ಕೂಡಿಟ್ಟಿದ್ದೆ. ಅವಳ ಕೈಯಿಂದ ಸೂಜಿ ತೆಗೆದು ರವಿಕೆಗೆ ಚುಚ್ಚಿಟ್ಟೆ. ನಿದ್ದೆ ಹೋದಳು.

ಮೇ 25

ಚೌಳು ಹರಡುತ್ತಿದ್ದೇನೆ. ಬಾಗಿಲ ಕಡೆಯ ಅರ್ಧ ಆಯಿತು. ಇನ್ನರ್ಧಕ್ಕೆ ಮಣ್ಣು ಸಾಲದು, ವನಜಾಕ್ಷಿ ಕಳಿಸಬೇಕು. ಮಧುಗಿರಿ ಬೆಟ್ಟದ ಕಡೆ ಮೋಡ ಕಟ್ಟಿ ಕಟ್ಟಿ ಹೋಗುತ್ತಿದೆ.

ಮಾಳಿಗೆ ಮೇಲೆ ನಿಂತು ಆ ಮೂಲೆ ನೋಡಿದೆ. ಅವಳು ಹೇಳಿದ್ದು ನಿಜ, ತಗ್ಗಾಗಿದೆ. ಆಣೆ ಮಾಡಿದ್ದೇನೆ, ಆದರೂ ಸರಿ ಮಾಡಬೇಕು. ಮಣ್ಣು ಬರಲಿ.

ಅವ್ವ ಇವತ್ತು ನೀರು ಬಿಟ್ಟು ಏನೂ ಮುಟ್ಟಲಿಲ್ಲ.

ಮೇ 31

ಇಪ್ಪತ್ತೇಳಕ್ಕೆ ಬೆಳಿಗ್ಗೆ ಅವ್ವ ಹೋದಳು.

ಬಾಯಿಗೆ ನೀರು ಬಿಟ್ಟೆ. ಒಂದು ಗುಟುಕು ಒಳಗೆ ಹೋಯಿತು, ಇನ್ನೊಂದು ಹೊರಗೆ ಬಂತು. ಕಣ್ಣು ಮಾಳಿಗೆಯ ಕಡೆಗೇ ಇತ್ತು. ತನ್ನ ಮಾಳಿಗೆಯ ಕೆಳಗೇ ಹೋದಳು. ಅಷ್ಟು ಮಾತ್ರ ನಡೆಸಿಕೊಟ್ಟೆ. ವನಜಾಕ್ಷಿ ಬಂದು ಅಳುತ್ತಾ ಅಳುತ್ತಾ ರವಿಕೆಯ ಎರಡನೇ ತೋಳು ಹಚ್ಚಿದಳು. ಕಲೆ ಇದ್ದರೂ ಅದನ್ನೇ ತೊಡಿಸಿದೆವು. ಬರುವಾಗ ಅವಳ ಗಂಡ ಉಳಿದ ಮೂಟೆಗಳನ್ನೂ ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದ. ಮಣ್ಣು ಮಾಡಲು ಬಂದವರು ಅದರ ಪಕ್ಕದಲ್ಲೇ ನಿಂತಿದ್ದರು.

ಪ್ರಭುದೇವ್ ಬಂದಿದ್ದರು. ಕೈ ಹಿಡಿದುಕೊಂಡು ನಿಂತರು.

ನಕ್ಷತ್ರ ಯಾವುದು ಅಂತ ನಾನು ಕೇಳಲಿಲ್ಲ. ವನಜಾಕ್ಷಿಯ ಗಂಡ ಕೇಳಿಕೊಂಡು ಬಂದ. ರೋಹಿಣಿ. ನಾಲ್ಕು ತಿಂಗಳು.

ಮಣ್ಣಿನ ಮೂಟೆ ಅಂಗಳದಲ್ಲಿವೆ. ಹತ್ತಲು ಹೋದರೆ ದಾಸಮ್ಮ ಬಿಡಲಿಲ್ಲ. "ಹನ್ನೊಂದು ಕಳೀಲಿ ಕಣಪ್ಪ. ಸೂತಕದಾಗೆ ಮಾಳಿಗೆ ಮುಟ್ಬಾರ್ದು." ದಿನಾ ಮೋಡ. ದಿನಾ ಗುಡುಗು. ಆ ಮೂಲೆ ಹಾಗೇ ಇದೆ.

ಜೂನ್ 6

ಹನ್ನೊಂದು ಮುಗಿಯಿತು. ನೆಂಟರೆಲ್ಲ ಉಂಡು ಎದ್ದರು. ಹೊರಗೆ ಬಂದರೆ ಬಾಗಿಲ ಪಕ್ಕ ಜಾಲಿ ಮುಳ್ಳಿನ ಹೊರೆ. ಯಾರು ತಂದಿಟ್ಟರೋ. ಹಸಿ ಮುಳ್ಳು, ಆಗಷ್ಟೇ ಕಡಿದದ್ದು.

ವನಜಾಕ್ಷಿ ಹತ್ತಿರ ಬಂದಳು. "ಬೇಕಾದ್ದು ಎತ್ಕೋ ಅಣ್ಣಾ. ಬಾಗಿಲು ಹಾಕೋಣ."

"ಮುಳ್ಳು ಹಾಕಲ್ಲ ಕಣಮ್ಮ."

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಮುಖ ಬಿಳಿಚಿಕೊಂಡಿತು. "ಅತ್ತಿಗೇಗೆ ಹಾಕಿದ್ವಿ. ಅವ್ವಂಗೆ ಹಾಕಲ್ವಾ? ಅವ್ವ ಅಷ್ಟು ಹಗುರವಾದ್ಳಾ ನಿಂಗೆ?"

"ಅತ್ತಿಗೇಗೆ ಹಾಕಿದ್ದಕ್ಕೇ ಏನಾಯ್ತು ನೋಡಿದ್ಯಲ್ಲ. ನಾಲ್ಕು ತಿಂಗಳು ಅಂದ್ರೆ ಮಳೆಗಾಲ ಪೂರ್ತಿ. ಮತ್ತೆ ಬೀಳುತ್ತೆ ಮಾಳಿಗೆ."

"ಬಿದ್ರೆ ಬೀಳ್ಲಿ! ಮನೆ ತಾನೆ. ನಿಂಗೇನಾದ್ರೂ ಆದ್ರೆ ತವರು ಅಂತ ನಂಗ್ಯಾರವ್ರೆ ಅಣ್ಣಾ? ನಂಗೆ ಭಯ ಆಗ್ತದೆ. ಎರಡು ಮಕ್ಳು ನಂಗೆ."

ಅವ್ವನ ಕಣ್ಣೇ. ಅವ್ವನ ಭಯವೇ. ತಲೆ ಸವರಲು ಕೈ ಎತ್ತಿದೆ, ಹಿಂದೆ ಸರಿದಳು. ಮುಳ್ಳು ಹಾಕುವವರೆಗೂ ಈ ಹೊಸಿಲು ತುಳಿಯಲ್ಲ ಅಂದಳು. ಹಾಕಿದ ಮೇಲೆ ತುಳಿಯಲು ಹೊಸಿಲೇ ಇರಲ್ಲ ಅಂತ ನಾನು ಹೇಳಲಿಲ್ಲ. ಮಕ್ಕಳನ್ನು ಎಳೆದುಕೊಂಡು ಹೋದಳು. ಚಿಕ್ಕವನು ತಿರುಗಿ ತಿರುಗಿ ನೋಡುತ್ತಿದ್ದ.

ಈಗ ಈ ಮನೆಯಲ್ಲಿ ನಾನೊಬ್ಬನೇ. ಭಯ ಇಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ಜೂನ್ 7, ಮಧ್ಯಾಹ್ನ

ಬೆಳಿಗ್ಗೆ ಬೆಳಕು ಹರಿಯುತ್ತಲೇ ಮೇಲೆ ಹತ್ತಿದೆ. ಕೆಳಗೆ ಅಂಗಳದಲ್ಲಿ ಮೂಟೆಯಿಂದ ಸುರಿದ ಮಣ್ಣನ್ನು ಮೇಕೆ ತುಳಿಯುತ್ತಿದ್ದವು. ಆ ಮುಳ್ಳಿನ ಹೊರೆ ಎಳೆದು ಮಣ್ಣಿನ ರಾಶಿಯ ಸುತ್ತ ಹಾಕಿದೆ. ಕೆಲಸಕ್ಕೆ ಬಂತು.

ಭೀಮರಾಜು ಮಧುಗಿರಿಯಿಂದ ಫೋನ್ ಮಾಡಿದ. "ನಾಳೆ ಬತ್ತೀನಿ ಕಣ್ಲಾ. ನಿಂಬೆಹಣ್ಣು ತರಲ್ಲ ಈ ಸಲ." ನಾಳೆಗೆ ಕಾಯಲು ಆಗುವುದಿಲ್ಲ ಅಂದೆ. ಬುಟ್ಟಿ ಬುಟ್ಟಿ ಹೊತ್ತು ಹಾಕಿದೆ. ಆ ಮೂಲೆಗೆ ಬೇರೆಲ್ಲ ಕಡೆಗಿಂತ ಹೆಚ್ಚು. ಕೈಯಿಂದ ತಟ್ಟಿ, ಮಳೆನೀರು ಹೊರಬೀಳುವ ದೋಣಿಯ ಕಡೆಗೆ ಇಳಿಜಾರು ಮಾಡಿ, ಮತ್ತೆ ತಟ್ಟಿ. ಅವ್ವ ಕೆಳಗಿಂದ ಏನಾದರೂ ಕೂಗುತ್ತಾಳೇನೋ ಅಂತ ಎರಡು ಸಲ ಕೈ ನಿಲ್ಲಿಸಿದೆ.

"ಇಳೀಲಾ ಪತಿ, ಗುಡುಗ್ತೈತೆ!" ದಾಸಮ್ಮ. ಕೊನೆಯ ಬುಟ್ಟಿ ಸುರಿದೇ ಇಳಿದೆ. ದಪ್ಪ ಹನಿ ಶುರುವಾಯಿತು.

ನಾಲ್ಕು ಗಂಟೆ

ಮಳೆ. ಬಾಗಿಲು ತೆರೆದೇ ಇಟ್ಟಿದ್ದೇನೆ.

ನಡುಮನೆಯಲ್ಲಿ ಕೂತಿದ್ದೇನೆ. ಒಂದು ಕಡೆ ಮಷಿನ್. ಈ ಕಡೆ ಅವ್ವನ ತಲೆ ಇದ್ದ ಜಾಗದಲ್ಲಿ ದೀಪ. ಹನ್ನೊಂದನೇ ದಿನಕ್ಕೆ ಆರಿಸಬೇಕಿತ್ತಂತೆ. ಆರಿಸಿಲ್ಲ. ದೀಪ ಸರಿಯಾಗಿ ಆ ಮೂಲೆಯ ಕೆಳಗೇ ಇದೆ. ಪಕ್ಕಕ್ಕೆ ಸರಿಸಬಹುದು. ಸರಿಸುವುದಿಲ್ಲ.

ಮೊದಲ ಮಳೆ ಕುಡಿದೇ ಚೌಳು ಬಿಗಿಯಬೇಕು ಅನ್ನುತ್ತಿದ್ದಳು ಅವ್ವ. ಬಿಗಿಯುವುದರೊಳಗೆ ನೀರು ಕೆಳಗೆ ಬಂದರೆ ಬಂತು. ಬರದಿದ್ದರೆ ಈ ವರ್ಷ ಬರುವುದಿಲ್ಲ.

ದೋಣಿಯಿಂದ ನೀರು ಹೊರಗೆ ಧುಮುಕುವ ಸದ್ದು ಕೇಳಿಸುತ್ತಿದೆ. ಒಳ್ಳೆಯದು. ಗೋಡೆಯ ಮೂಲೆ ಮುಟ್ಟಿ ನೋಡಿದೆ. ತಣ್ಣಗಿದೆ. ಒದ್ದೆಯಲ್ಲ. ಅಲ್ಲ ಅನ್ನಿಸುತ್ತದೆ.

ಹನಿ ಬಿದ್ದರೆ ಕೈಗೆ ಬೀಳಲಿ ಅಂತ ದೀಪದ ಮೇಲೆ ಎಡಗೈ ಒಡ್ಡಿದ್ದೇನೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ. ಅಂಗೈ ಬಿಸಿಯಾಗಿದೆ. ಒಣಗಿದೆ.

ಮಳೆ ಜೋರಾಯಿತು.

ಇನ್ನೂ ಒಣಗಿದೆ.

ಇನ್ನೂ —